ಎಂಜಿನ್ ನಿಂತರೆ ಕೆಳಗೇನಿದೆ? ಹೆಲಿಕಾಪ್ಟರ್ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಯಾಕೆ

2023ರ ಮಾರ್ಚ್ 6ರಂದು ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಇಳಿಯಲು ಬಂತು. ನೆಲ ಹತ್ತಿರವಾಗುತ್ತಿದ್ದ ಹಾಗೆ ರೋಟರ್ ಗಾಳಿಗೆ ಮೈದಾನದ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಎದ್ದು ಹಾರತೊಡಗಿದವು. ಪೈಲಟ್ ಇಳಿಸದೆ ಮತ್ತೆ ಮೇಲಕ್ಕೇರಿಸಿದರು; ಕಸ ತೆಗೆಸಿದ ಮೇಲಷ್ಟೇ ಇಳಿಸಿದರು. ಎರಡು ತಿಂಗಳು ತುಂಬುವ ಮೊದಲೇ, ಮೇ 2ರಂದು, ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ತುರ್ತಾಗಿ ಇಳಿಸಬೇಕಾಯಿತು.

ಎರಡೂ ಸಲ ಪ್ರಾಣಹಾನಿ ಆಗಲಿಲ್ಲ. ಆದರೆ ಹೆಲಿಕಾಪ್ಟರಿಗೆ ಕಾನೂನು ಬರೆಯುವವರ ಕಷ್ಟ ಎಂಥದ್ದು ಅನ್ನುವುದು ಈ ಎರಡರಲ್ಲೂ ಕಾಣುತ್ತದೆ. ವಿಮಾನ ಹೊರಡುವುದೂ ಇಳಿಯುವುದೂ ಬೇಲಿ ಹಾಕಿ ಕಾದ ರನ್‌ವೇಯಲ್ಲಿ. ಅಲ್ಲಿ ಕಸ ಗುಡಿಸುವವರಿದ್ದಾರೆ, ಹಕ್ಕಿ ಓಡಿಸುವವರಿದ್ದಾರೆ, ಅಗ್ನಿಶಾಮಕ ವಾಹನ ಸಿದ್ಧ ಇರುತ್ತದೆ. ಹೆಲಿಕಾಪ್ಟರ್ ಶಾಲೆಯ ಮೈದಾನದಲ್ಲಿ, ಆಸ್ಪತ್ರೆಯ ತಾರಸಿಯಲ್ಲಿ, ಸಮುದ್ರದ ನಡುವಿನ ತೈಲದ ಅಟ್ಟಣೆಯ ಮೇಲೆ, ಹಿಮಾಲಯದ ಕಣಿವೆಯಲ್ಲಿ ಇಳಿಯುತ್ತದೆ. ಅಲ್ಲಿಗೆಲ್ಲ ಕಾನೂನು ತಲುಪಬೇಕು.

ಜಗತ್ತಿಗೆಲ್ಲ ಒಂದೇ ನಿಯಮ ಇದ್ದರಾಗದೇ ಎಂದು ಕೇಳಬಹುದು. ವಿಮಾನಗಳ ವಿಷಯದಲ್ಲಿ ಅದು ಬಹುಪಾಲು ಆಗಿದೆ. 1944ರಲ್ಲಿ ಶಿಕಾಗೋದಲ್ಲಿ ಆದ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಮಾನದಂಡಗಳನ್ನು ರೂಪಿಸುತ್ತದೆ. 193 ದೇಶಗಳು ಅದರ ಸದಸ್ಯರು. ಅದರ 6ನೇ ಅನುಬಂಧದ ಮೂರನೇ ಭಾಗ ಪೂರ್ತಿ ಹೆಲಿಕಾಪ್ಟರಿಗೇ ಮೀಸಲು. ಆದರೆ ಆ ಭಾಗ ಹೇಳುವುದು ಅಂತರರಾಷ್ಟ್ರೀಯ ಹಾರಾಟದ ವಿಚಾರ. ಹೆಲಿಕಾಪ್ಟರ್ ದೇಶದ ಗಡಿ ದಾಟುವುದೇ ಅಪರೂಪ. ಅದರ ಹಾರಾಟ ಹೆಚ್ಚಾಗಿ ಒಂದು ಜಿಲ್ಲೆ, ಒಂದು ಕರಾವಳಿ, ಒಂದು ನಗರದೊಳಗೇ ಮುಗಿಯುತ್ತದೆ. ಹಾಗಾಗಿ ಐಕಾವೊ ಮಾದರಿ ಕೊಟ್ಟರೂ ಕೊನೆಗೆ ಆಯಾ ದೇಶ ತನ್ನ ನೆಲ, ತನ್ನ ಹವೆ, ತನ್ನ ಜನಕ್ಕೆ ತಕ್ಕ ಹಾಗೆ ನಿಯಮ ಮಾಡಿಕೊಂಡಿದೆ. ಒಂದೇ ಕಂಪನಿಯ ಒಂದೇ ಮಾದರಿಯ ಹೆಲಿಕಾಪ್ಟರ್ ಒಂದೂರಿನಲ್ಲಿ ಮಾಡಬಹುದಾದ ಕೆಲಸವನ್ನು ಇನ್ನೊಂದೂರಿನಲ್ಲಿ ಮಾಡುವಂತಿಲ್ಲ.

ಈ ನಿಯಮಗಳೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಈಗ, ಇಲ್ಲೇ ಎಂಜಿನ್ ನಿಂತರೆ ಕೆಳಗೇನಿದೆ?

ಎಂಜಿನ್ ನಿಂತ ಕೂಡಲೇ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಎಂಬ ನಂಬಿಕೆ ತಪ್ಪು. ಪೈಲಟ್ ತಕ್ಷಣ ರೋಟರ್ ಬ್ಲೇಡುಗಳ ಕೋನ ತಗ್ಗಿಸಿದರೆ, ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ಅವುಗಳನ್ನು ತಿರುಗಿಸುತ್ತದೆ, ಜಾತ್ರೆಯ ಗಿರಗಿಟ್ಟಲೆ ಗಾಳಿಗೆ ತಿರುಗುವ ಹಾಗೆ. ನೆಲ ಹತ್ತಿರ ಬಂದಾಗ ಆ ತಿರುಗುವಿಕೆಯಲ್ಲಿ ಕೂಡಿಟ್ಟ ಶಕ್ತಿಯನ್ನು ಒಮ್ಮೆಗೇ ಖರ್ಚು ಮಾಡಿ ಮೆತ್ತಗೆ ಇಳಿಸಬಹುದು. ಇದಕ್ಕೆ ಆಟೊರೊಟೇಶನ್ ಎನ್ನುತ್ತಾರೆ. ಪ್ರತಿ ಹೆಲಿಕಾಪ್ಟರ್ ಪೈಲಟ್ ಕಲಿಯಲೇಬೇಕಾದ ವಿದ್ಯೆ. ಆದರೆ ಶಕ್ತಿ ಖರ್ಚು ಮಾಡುವ ಅವಕಾಶ ಒಂದೇ ಸಲ, ಇಳಿಯಲು ಜಾಗವೂ ಬೇಕು. ಕೆಳಗೆ ಗದ್ದೆ ಇದ್ದರೆ ಸರಿ, ಕೆ.ಆರ್. ಮಾರುಕಟ್ಟೆ ಇದ್ದರೆ?

ಅದಕ್ಕೇ ಐಕಾವೊ ಹಾರಾಟವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಒಂದನೇ ದರ್ಜೆಯಲ್ಲಿ ಹಾರುವ ಹೆಲಿಕಾಪ್ಟರಿನ ಒಂದು ಎಂಜಿನ್ ಯಾವ ಕ್ಷಣದಲ್ಲಿ ಕೆಟ್ಟರೂ ಅದು ಹೊರಟ ಜಾಗಕ್ಕೇ ವಾಪಸ್ ಇಳಿಯಬೇಕು, ಇಲ್ಲವೇ ಉಳಿದ ಎಂಜಿನ್ನಿನಲ್ಲಿ ಮುಂದೆ ಹೋಗಿ ಸುರಕ್ಷಿತವಾಗಿ ಇಳಿಯಬೇಕು. ಎರಡನೇ ದರ್ಜೆಯಲ್ಲಿ ಹೊರಡುವ ಮೊದಲ ಕೆಲವು ಕ್ಷಣ, ಇಳಿಯುವ ಕೊನೆಯ ಕೆಲವು ಕ್ಷಣ ಬಿಟ್ಟರೆ ಉಳಿದಂತೆ ಅದೇ ಭರವಸೆ. ಮೂರನೇ ದರ್ಜೆಯಲ್ಲಿ ಎಂಜಿನ್ ಕೆಟ್ಟರೆ ಅಲ್ಲೇ ಕೆಳಗೆ ಇಳಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ಒಂಟಿ ಎಂಜಿನ್ನಿನ ಹೆಲಿಕಾಪ್ಟರ್ ಎಷ್ಟೇ ಹೊಸದಾಗಿರಲಿ, ಎಷ್ಟೇ ದುಬಾರಿಯಾಗಿರಲಿ, ಹಾರುವುದು ಮೂರನೇ ದರ್ಜೆಯಲ್ಲೇ.

ಇದರ ಜೊತೆಗೆ ಕೆಳಗಿನ ನೆಲಕ್ಕೂ ಒಂದು ವಿಂಗಡಣೆ ಇದೆ. ಕೆಲವು ಪ್ರದೇಶಗಳನ್ನು ಐಕಾವೊ ಪ್ರತಿಕೂಲ ಪ್ರದೇಶ ಎಂದು ಗುರುತಿಸುತ್ತದೆ. ಕಾರಣ ನಾಲ್ಕರಲ್ಲಿ ಯಾವುದಾದರೂ ಇರಬಹುದು: ನೆಲ ಇಳಿಯಲು ತಕ್ಕುದಲ್ಲ, ಇಳಿದವರನ್ನು ಚಳಿ, ನೀರು, ಬಿಸಿಲಿನಿಂದ ಕಾಪಾಡಲಾಗದು, ರಕ್ಷಣಾ ತಂಡ ಹೊತ್ತಿಗೆ ಸರಿಯಾಗಿ ತಲುಪದು, ಅಥವಾ ಕೆಳಗಿರುವ ಜನಕ್ಕೇ ಅಪಾಯ. ಈ ನಾಲ್ಕು ಕಾರಣಗಳನ್ನು ನೆನಪಿಟ್ಟುಕೊಳ್ಳಿ, ಹಿಮಾಲಯಕ್ಕೆ ಬಂದಾಗ ಬೇಕಾಗುತ್ತವೆ.

ಯುರೋಪ್ ಈ ವಿಂಗಡಣೆಯನ್ನು ಗಟ್ಟಿಯಾಗಿ ಹಿಡಿದಿದೆ. ಅಲ್ಲಿನ ಒಕ್ಕೂಟಕ್ಕೆ ವಿಮಾನಯಾನ ಸುರಕ್ಷತೆ ನೋಡಿಕೊಳ್ಳುವ ಇಎಎಸ್‌ಎ ಎಂಬ ಸಂಸ್ಥೆ 2002ರ ಕಾಯ್ದೆಯಿಂದ ಹುಟ್ಟಿತು. ಹಾರಾಟದ ನಿಯಮಗಳು 2012ರ 965ನೇ ನಿಯಮಾವಳಿಯಲ್ಲಿವೆ. ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಹೆಲಿಕಾಪ್ಟರ್ ಮನೆಗಳು ಕಿಕ್ಕಿರಿದ, ಇಳಿಯಲು ಜಾಗವಿಲ್ಲದ ಊರೊಳಗೆ ಹೋಗಿಬರಬೇಕಾದರೆ ಒಂದನೇ ದರ್ಜೆಯಲ್ಲೇ ಹಾರಬೇಕು. ಹಳೆಯ ಆಸ್ಪತ್ರೆಗಳಂಥ ಕೆಲವು ಜಾಗಗಳಿಗೆ ಮಾತ್ರ ವಿನಾಯಿತಿ. ಲಂಡನ್ನಿನಲ್ಲಂತೂ ಇದನ್ನು ನಕ್ಷೆಯ ಮೇಲೇ ನೋಡಬಹುದು. ನಗರದ ನಡುವೆ ಒಂಟಿ ಎಂಜಿನ್ ಹೆಲಿಕಾಪ್ಟರುಗಳ ದಾರಿ ಥೇಮ್ಸ್ ನದಿಯ ಜೊತೆಜೊತೆಗೇ ಅಂಕುಡೊಂಕಾಗಿ ಸಾಗುತ್ತದೆ. ಎಂಜಿನ್ ನಿಂತರೆ ಬೀಳುವುದು ನೀರಿಗೆ, ಜನರ ಮೇಲಲ್ಲ.

ಅಮೆರಿಕದ ದಾರಿಯೇ ಬೇರೆ. ಅಲ್ಲಿ ವಿಮಾನಗಳು ಜನವಸತಿಯ ಮೇಲೆ ಅಕ್ಕಪಕ್ಕದ ಅತಿ ಎತ್ತರದ ಕಟ್ಟಡಕ್ಕಿಂತ 1000 ಅಡಿ ಮೇಲಿರಬೇಕು. ಹೆಲಿಕಾಪ್ಟರಿಗೆ ಅದೇ ನಿಯಮದಲ್ಲಿ ರಿಯಾಯಿತಿ: ಕೆಳಗಿನ ಜನಕ್ಕೆ, ಆಸ್ತಿಗೆ ಅಪಾಯವಾಗದ ಹಾಗಿದ್ದರೆ ಇನ್ನೂ ತಗ್ಗಿನಲ್ಲಿ ಹಾರಬಹುದು. ಅಪಾಯ ಇದೆಯೋ ಇಲ್ಲವೋ ಎಂಬ ತೀರ್ಮಾನದ ಬಹುಪಾಲು ಪೈಲಟ್ ಹೆಗಲ ಮೇಲೆ. ಆ ಸ್ವಾತಂತ್ರ್ಯದಿಂದಲೇ ಅಲ್ಲಿ ಹೆಲಿಕಾಪ್ಟರ್ ಸೇವೆ ಇಷ್ಟು ಬೆಳೆಯಿತು ಎನ್ನುವುದನ್ನು ಒಪ್ಪಬೇಕು. ಆದರೆ ಅಲ್ಲಿ ಹಾರಾಟಕ್ಕೆ ಯಾವ ಹೆಸರು ಕೊಡುತ್ತೀರಿ ಎನ್ನುವುದರ ಮೇಲೆ ಯಾವ ನಿಯಮ ಅನ್ವಯಿಸುತ್ತದೆ ಎನ್ನುವುದು ನಿಂತಿದೆ. ಅಲ್ಲಿನ ವಿಮಾನಯಾನ ನಿಯಮಾವಳಿಯಲ್ಲಿ ಖಾಸಗಿ ಹಾರಾಟಕ್ಕೆ 91ನೇ ಭಾಗ, ಬಾಡಿಗೆ ಸೇವೆಗೆ 135ನೇ ಭಾಗ, ನೇತುಹಾಕಿ ಭಾರ ಸಾಗಿಸಲು 133ನೇ ಭಾಗ. ಈ ವ್ಯವಸ್ಥೆಯ ದೌರ್ಬಲ್ಯ 2018ರ ಮಾರ್ಚ್ 11ರ ಸಂಜೆ ನ್ಯೂಯಾರ್ಕಿನಲ್ಲಿ ಬಯಲಾಯಿತು.

ಅಂದು ಐವರು ಪ್ರಯಾಣಿಕರು ಬಾಗಿಲು ತೆಗೆದ ಹೆಲಿಕಾಪ್ಟರಿನಲ್ಲಿ ನಗರದ ಫೋಟೊ ತೆಗೆಯಲು ಹೊರಟಿದ್ದರು. ಹೊರಗೆ ಬೀಳದ ಹಾಗೆ ಪ್ರತಿಯೊಬ್ಬರಿಗೂ ಒಂದು ಪಟ್ಟಿ ಕಟ್ಟಿ ಹೆಲಿಕಾಪ್ಟರಿಗೆ ಬಿಗಿದಿತ್ತು. ಒಬ್ಬರ ಪಟ್ಟಿ ನೆಲದಲ್ಲಿದ್ದ ಇಂಧನ ಬಂದ್ ಮಾಡುವ ಹಿಡಿಕೆಗೆ ಸಿಕ್ಕಿ ಎಳೆಯಿತು, ಎಂಜಿನ್ ನಿಂತಿತು. ಪೈಲಟ್ ಆಟೊರೊಟೇಶನ್ ಮಾಡಿ ಈಸ್ಟ್ ನದಿಯ ಮೇಲೆ ಇಳಿಸಿದರು. ತೇಲುಬುರುಡೆಗಳು ಸರಿಯಾಗಿ ಉಬ್ಬಲಿಲ್ಲ, ಹೆಲಿಕಾಪ್ಟರ್ ಮಗುಚಿತು. ಪೈಲಟ್ ಪಾರಾದರು. ಪಟ್ಟಿಯಿಂದ ಬಿಡಿಸಿಕೊಳ್ಳಲಾಗದೆ ಐವರು ಪ್ರಯಾಣಿಕರೂ ಮುಳುಗಿದರು.

ಇಲ್ಲಿ ಎರಡು ಸಂಗತಿ ನೋಡಬೇಕು. ಈ ಹಾರಾಟವನ್ನು ಪ್ರವಾಸಿ ಹಾರಾಟ ಎನ್ನದೆ ವೈಮಾನಿಕ ಛಾಯಾಗ್ರಹಣ ಎಂದು ಕರೆದು 91ನೇ ಭಾಗದಡಿ ನಡೆಸಿದ್ದರು, ಹಾಗಾಗಿ ಬಾಡಿಗೆ ಸೇವೆಗಳ ಮೇಲಿನ ಬಿಗಿ ನಿಗಾ ಇದಕ್ಕೆ ತಾಗಲಿಲ್ಲ. ಎರಡನೆಯದು, ನ್ಯೂಯಾರ್ಕ್ ನಗರ 2016ರಲ್ಲೇ ತನ್ನ ಹೆಲಿಪೋರ್ಟಿನಿಂದ ಹೊರಡುವ ಪ್ರವಾಸಿ ಹಾರಾಟಗಳನ್ನು ಅರ್ಧಕ್ಕೆ ಇಳಿಸಲು, ಭಾನುವಾರ ನಿಲ್ಲಿಸಲು ಒಪ್ಪಂದ ಮಾಡಿಕೊಂಡಿತ್ತು. ಆದರೆ ಈ ಹೆಲಿಕಾಪ್ಟರ್ ಹೊರಟದ್ದು ನದಿಯಾಚೆಯ ನ್ಯೂಜೆರ್ಸಿಯಿಂದ, ಅದೂ ಭಾನುವಾರ. ಅಮೆರಿಕದಲ್ಲಿ ಆಕಾಶ ಒಕ್ಕೂಟ ಸರ್ಕಾರದ ಅಧೀನ. ನಗರಕ್ಕೆ ಅಧಿಕಾರ ಇರುವುದು ತಾನು ಒಡೆತನ ಹೊಂದಿದ ಹೆಲಿಪೋರ್ಟಿನ ಮೇಲೆ ಮಾತ್ರ. ಅಪಘಾತದ ಬೆನ್ನಲ್ಲೇ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ, ಥಟ್ಟನೆ ಬಿಚ್ಚಿಕೊಳ್ಳಲಾಗದ ಪಟ್ಟಿ ಕಟ್ಟಿ ಬಾಗಿಲು ತೆಗೆದು ಹಾರಾಡುವುದನ್ನು ನಿಷೇಧಿಸಿತು.

ಇಳಿಯಲು ಜಾಗ ಸಿಕ್ಕರೆ ಸಾಲದು, ಇಳಿದ ಮೇಲೆ ಹೊರಬರಬೇಕು. ಈ ಪಾಠವನ್ನು ಉತ್ತರ ಸಮುದ್ರದಷ್ಟು ಆಳವಾಗಿ ಬೇರೆಲ್ಲೂ ನಿಯಮವಾಗಿಸಿಲ್ಲ. 2013ರ ಆಗಸ್ಟ್ 23ರಂದು ತೈಲ ಕೆಲಸಗಾರರನ್ನು ಹೊತ್ತ ಸೂಪರ್ ಪೂಮಾ ಹೆಲಿಕಾಪ್ಟರ್ ಶೆಟ್ಲೆಂಡಿನ ಸಂಬರ್ಗ್ ಬಳಿ ಸಮುದ್ರಕ್ಕೆ ಬಿದ್ದು ನಾಲ್ವರು ಸತ್ತರು. ಮರುವರ್ಷ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಹೊರಡಿಸಿದ ಕ್ರಮಗಳನ್ನು ಓದಿದರೆ ಅದನ್ನು ಬರೆದವರು ಮುಳುಗುತ್ತಿರುವ ಕ್ಯಾಬಿನ್ನಿನೊಳಗೆ ಕೂತೇ ಯೋಚಿಸಿದ್ದಾರೆ ಅನ್ನಿಸುತ್ತದೆ. ಅಲೆಗಳು ಆರನೇ ಮಟ್ಟ ಮೀರಿದ ಸಮುದ್ರದ ಮೇಲೆ ಹಾರಾಟ ಇಲ್ಲ. ಉತ್ತಮ ತುರ್ತು ಉಸಿರಾಟದ ಸಾಧನ ಇಲ್ಲದವರು ತಳ್ಳಿ ತೆರೆಯಬಹುದಾದ ಕಿಟಕಿಯ ಪಕ್ಕವೇ ಕೂರಬೇಕು. 2015ರ ಏಪ್ರಿಲಿನಿಂದ ಭುಜದ ಅಳತೆ: ಭುಜದಿಂದ ಭುಜಕ್ಕೆ 22 ಇಂಚು ಅಥವಾ ಹೆಚ್ಚಿರುವ ಕೆಲಸಗಾರರು ದೊಡ್ಡ ಕಿಟಕಿಯ ಪಕ್ಕದ ಸೀಟಿನಲ್ಲೇ ಕೂರಬೇಕು. ಚಿಕ್ಕ ಕಿಟಕಿಯಲ್ಲಿ ಆ ಮೈ ನುಸುಳದು. ತರಬೇತಾದ ಸಿಬ್ಬಂದಿ ಟೇಪು ಹಿಡಿದು ಅಳೆದು ದಾಖಲಿಸುತ್ತಾರೆ. ಕಾನೂನು ಮನುಷ್ಯನ ಮೈಯನ್ನು ಇಷ್ಟು ಹತ್ತಿರದಿಂದ ನೋಡಿದ ಉದಾಹರಣೆ ವಿಮಾನಯಾನದಲ್ಲಿ ಕಡಿಮೆ, ನನಗೆ ಬಹಳ ಮೆಚ್ಚಿಕೆಯಾದ ನಿಯಮ ಇದು.

ಯಂತ್ರದ ಪರೀಕ್ಷೆಯಲ್ಲೂ ಒಂದೊಂದು ಪದ ಎಷ್ಟು ತೂಗುತ್ತದೆ ಎನ್ನುವುದಕ್ಕೆ ಕೆನಡಾದ ಘಟನೆ ಸಾಕು. ಅಮೆರಿಕದ ನಿಯಮದಲ್ಲಿ ಸಣ್ಣ ಹೆಲಿಕಾಪ್ಟರಿಗೆ, ಅಂದರೆ 7000 ಪೌಂಡ್ ಮತ್ತು ಒಂಬತ್ತು ಪ್ರಯಾಣಿಕರ ಮಿತಿಯೊಳಗಿನದಕ್ಕೆ 27ನೇ ಭಾಗ. ದೊಡ್ಡದಕ್ಕೆ 29ನೇ ಭಾಗ. ಒಂದು ಕಿಲೊ ತೂಕದ ಹಕ್ಕಿ ಬಡಿದರೂ ಸುರಕ್ಷಿತವಾಗಿ ಇಳಿಯಬೇಕು ಎಂಬ ಷರತ್ತು 29ರಲ್ಲಿದೆ, 27ರಲ್ಲಿಲ್ಲ. ಅದೇ 29ರಲ್ಲಿ ಇನ್ನೊಂದು ಷರತ್ತು: ಮುಖ್ಯ ಗೇರ್‌ಬಾಕ್ಸಿನ ಎಣ್ಣೆ ಸೋರಿಹೋದರೂ ಅದು 30 ನಿಮಿಷ ಓಡಬೇಕು, ಹಾಗೆ ಎಣ್ಣೆ ಸೋರುವ ಸಂಭವ ತೀರಾ ವಿರಳ ಎಂದು ತೋರಿಸಿಕೊಟ್ಟರೆ ಮಾತ್ರ ವಿನಾಯಿತಿ. ಸಿಕೋರ್ಸ್ಕಿ ಎಸ್-92ಕ್ಕೆ ಪ್ರಮಾಣಪತ್ರ ಸಿಕ್ಕಿದ್ದು ಈ ವಿನಾಯಿತಿಯ ಮೂಲಕ. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲೆಂಡ್ ಕರಾವಳಿಯಾಚೆ ಒಂದು ಎಸ್-92ರ ಎಣ್ಣೆ ಫಿಲ್ಟರ್ ಹಿಡಿದಿದ್ದ ಟೈಟಾನಿಯಂ ಸ್ಟಡ್‌ಗಳು ಮುರಿದು ಎಣ್ಣೆಯೆಲ್ಲ ಹೋಯಿತು. ಅರ್ಧ ಗಂಟೆಯ ಅರ್ಧವೂ ಕಳೆಯುವ ಮೊದಲೇ ಅದು ಸಮುದ್ರಕ್ಕೆ ಬಿತ್ತು. ಹದಿನೆಂಟು ಮಂದಿಯಲ್ಲಿ ಉಳಿದವರು ಒಬ್ಬರೇ.

ನಿಯಂತ್ರಕರ ನಡುವೆಯೇ ಒಮ್ಮತ ಇರದ ಸಂದರ್ಭಗಳೂ ಉಂಟು. 2016ರ ಏಪ್ರಿಲ್ 29ರಂದು ನಾರ್ವೆಯ ಟುರೋಯ್ ಬಳಿ ಇಸಿ225 ಸೂಪರ್ ಪೂಮಾದ ಗೇರ್‌ಬಾಕ್ಸಿನಲ್ಲಿ ಬಿರುಕು ಬೆಳೆದು ಇಡೀ ರೋಟರ್ ಆಕಾಶದಲ್ಲೇ ಕಳಚಿಕೊಂಡಿತು, 13 ಮಂದಿ ಸತ್ತರು. ಇಎಎಸ್‌ಎ ಅಕ್ಟೋಬರಿನಲ್ಲಿ ಷರತ್ತಿನೊಂದಿಗೆ ಹಾರಾಟಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ನಾರ್ವೆ ಮತ್ತು ಬ್ರಿಟನ್ ಕೊಡಲಿಲ್ಲ. 2017ರ ಜುಲೈವರೆಗೂ ನಿಷೇಧ ಮುಂದುವರಿಸಿದವು. ಸಮುದ್ರ ತಮ್ಮದು, ಸತ್ತವರು ಅಲ್ಲಿ ದುಡಿಯುತ್ತಿದ್ದವರು. ಹಾಗಿರುವಾಗ ಆ ಎರಡು ದೇಶಗಳ ಹಟ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಇಳಿಯುವ ಜಾಗದ ವಿಷಯದಲ್ಲಿ ದೇಶಗಳ ಸ್ವಭಾವ ಇನ್ನೂ ಬೇರೆಬೇರೆ. ಜಪಾನಿನಲ್ಲಿ ವಿಮಾನ ನಿಲ್ದಾಣ ಬಿಟ್ಟು ಬೇರೆಡೆ ಇಳಿಯಲು ಸರ್ಕಾರದ ಅನುಮತಿ ಬೇಕು, ರಕ್ಷಣಾ ಕಾರ್ಯಕ್ಕಷ್ಟೇ ವಿನಾಯಿತಿ. ಫ್ರಾನ್ಸ್ 1985ರ ಪರ್ವತ ಕಾಯ್ದೆಯಿಂದ ಮೋಜಿಗಾಗಿ ಜನರನ್ನು ಬೆಟ್ಟದ ಮೇಲೆ ಇಳಿಸುವುದನ್ನೇ ನಿಲ್ಲಿಸಿತು. ಗಡಿ ದಾಟಿ ಸ್ವಿಟ್ಜರ್‌ಲೆಂಡಿಗೆ ಹೋದರೆ ಗೊತ್ತುಮಾಡಿದ ಬೆಟ್ಟದ ಜಾಗಗಳಲ್ಲಿ ಅದೇ ಕೆಲಸಕ್ಕೆ ಅವಕಾಶವಿದೆ. ಲಾಸ್ ಏಂಜಲೀಸ್ 1974ರಿಂದ 2014ರವರೆಗೆ ಎತ್ತರದ ಕಟ್ಟಡಗಳಿಗೆಲ್ಲ ತುರ್ತು ಹೆಲಿಕಾಪ್ಟರ್ ಇಳಿಯುವ ಸಮತಟ್ಟು ತಾರಸಿ ಕಡ್ಡಾಯ ಮಾಡಿತ್ತು, ಆಮೇಲೆ ಕೈಬಿಟ್ಟಿತು.

ಇಷ್ಟೆಲ್ಲ ಎಂಜಿನ್ನಿನ ಮಾತಾಯಿತು. ಆದರೆ ಎರಡೂ ಎಂಜಿನ್ ಸರಿಯಾಗಿ ಓಡುತ್ತಿದ್ದಾಗಲೇ ಆದ ಅಪಘಾತಗಳು ಬಹಳ. 2020ರ ಜನವರಿ 26ರಂದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಮಂದಿ ಕ್ಯಾಲಿಫೋರ್ನಿಯಾದ ಗುಡ್ಡದಲ್ಲಿ ಸತ್ತಾಗ ಎಸ್-76ರ ಎರಡೂ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಕಣ್ಣಿಗೆ ನೆಲ ಕಾಣುವಾಗ ಮಾತ್ರ ಹಾರಲು ಪರವಾನಗಿ ಇದ್ದ ಸೇವೆ ಅದು. ಪೈಲಟ್ ಮೋಡದೊಳಗೆ ಹೋಗಿ ದಿಕ್ಕು ತಪ್ಪಿದರು. 2021ರ ಡಿಸೆಂಬರ್ 8ರಂದು ಕೂನೂರು ಬಳಿ ಜನರಲ್ ಬಿಪಿನ್ ರಾವತ್ ಅವರೂ ಸೇರಿ 14 ಮಂದಿಯ ಜೀವ ಹೋದ ಎಂಐ-17 ಅಪಘಾತಕ್ಕೂ ಹವೆ ಬದಲಾಗಿ ಮೋಡ ಹೊಕ್ಕದ್ದೇ ಕಾರಣ ಎಂದು ತನಿಖೆ ಹೇಳಿತು. ಕೂನೂರಿನದು ವಾಯುಪಡೆಯ ಹೆಲಿಕಾಪ್ಟರ್, ನಾಗರಿಕ ನಿಯಮಗಳ ವ್ಯಾಪ್ತಿಗೇ ಬರುವುದಿಲ್ಲ. ನಮ್ಮಲ್ಲಿ ಸೇನಾ ವಿಮಾನ, ಹೆಲಿಕಾಪ್ಟರುಗಳಿಗೆ ಹಾರಾಟ ಯೋಗ್ಯತೆಯ ಮುದ್ರೆ ಒತ್ತುವುದು ಬೆಂಗಳೂರಿನಲ್ಲಿರುವ ಸೆಮಿಲಾಕ್. ಕಾನೂನು ಎರಡು, ಮೋಡ ಒಂದೇ.

ಹೆಲಿಕಾಪ್ಟರ್ ನಿಧಾನಿಸಬಲ್ಲದು, ನಿಲ್ಲಬಲ್ಲದು ಎಂಬ ಕಾರಣಕ್ಕೆ ಬಹಳಷ್ಟು ದೇಶಗಳು ಅದಕ್ಕೆ ವಿಮಾನಕ್ಕಿಂತ ಕಡಿಮೆ ಗೋಚರತೆಯಲ್ಲೂ ಹಾರಲು ಬಿಡುತ್ತವೆ. ಅಮೆರಿಕದಲ್ಲಿ ನಿಯಂತ್ರಣವಿಲ್ಲದ ವಾಯುಪ್ರದೇಶದಲ್ಲಿ ತಗ್ಗಿನಲ್ಲಿ ಹಾರುವ ಬಾಡಿಗೆ ಹೆಲಿಕಾಪ್ಟರಿಗೆ ಹಗಲಲ್ಲಿ ಅರ್ಧ ಮೈಲಿ ಕಂಡರೂ ಸಾಕು. ಈ ಸಡಿಲಿಕೆಗೆ ಬೆಲೆ ತೆತ್ತದ್ದು ಅಲ್ಲಿನ ಏರ್ ಆಂಬುಲೆನ್ಸ್ ಸೇವೆ. 2008 ಒಂದೇ ವರ್ಷದಲ್ಲಿ ಐದು ಅಪಘಾತ, 21 ಸಾವು. 2014ರಲ್ಲಿ ಬಂದ ನಿಯಮ ನೆಲದ ಉಬ್ಬುತಗ್ಗು ಎಚ್ಚರಿಸುವ ಸಾಧನವನ್ನು ಕಡ್ಡಾಯ ಮಾಡಿತು. ಜೊತೆಗೆ ಇನ್ನೊಂದು ಷರತ್ತು, ಅದೇ ಹೆಚ್ಚು ಮುಖ್ಯ: ಹೊರಡುವ ಮೊದಲು ಅಪಾಯದ ಲೆಕ್ಕ ಬರೆಯಬೇಕು, ಹತ್ತು ಅಥವಾ ಹೆಚ್ಚು ಆಂಬುಲೆನ್ಸ್ ಹೆಲಿಕಾಪ್ಟರ್ ಇರುವ ಸಂಸ್ಥೆಯಲ್ಲಿ ಅದನ್ನು ಪೈಲಟ್ ಅಲ್ಲದ ಇನ್ನೊಬ್ಬರು ನಿಯಂತ್ರಣ ಕೊಠಡಿಯಲ್ಲಿ ಕೂತು ನೋಡಬೇಕು. ರೋಗಿ ಕಾಯುತ್ತಿದ್ದಾನೆ ಎಂಬ ಒತ್ತಡ ಪೈಲಟ್ ಒಬ್ಬರ ಮೇಲೆ ಬೀಳಬಾರದು ಎಂಬುದು ಇದರ ಹಿಂದಿನ ವಿವೇಕ.

ಈಗ ನಮ್ಮ ದೇಶ. ಇಲ್ಲಿ ನಿಯಮ ಬರೆಯುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಡಿಜಿಸಿಎ. ಅಪಘಾತದ ತನಿಖೆ ಎಎಐಬಿಯದು. ಎರಡೂ ಒಂದೇ ಸಚಿವಾಲಯದ ಕೆಳಗೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಣ್ಣಳತೆಯ ಹಾರಾಟ, ಅಂದರೆ ಪೈಲಟ್ ಹೊರಗೆ ಕಣ್ಣಿಂದ ನೋಡಿಕೊಂಡೇ ಹಾರಿಸುವುದು, ಸಾಮಾನ್ಯವಾಗಿ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಅಮೆರಿಕದಲ್ಲಿ ರಾತ್ರಿಯೂ ಹಾಗೆ ಹಾರಬಹುದು. ಚುನಾವಣೆ ಹೊತ್ತಿನಲ್ಲಿ ನಾಯಕರು ಭಾಷಣ ಅರ್ಧಕ್ಕೆ ನಿಲ್ಲಿಸಿ ಹೆಲಿಪ್ಯಾಡ್ ಕಡೆಗೆ ಓಡುವುದಕ್ಕೆ ಕಾರಣ ಇದೇ. ಆ ತಾತ್ಕಾಲಿಕ ಹೆಲಿಪ್ಯಾಡುಗಳನ್ನು ಸಿದ್ಧಮಾಡುವ ಹೊಣೆ ಜಿಲ್ಲಾಡಳಿತ, ಲೋಕೋಪಯೋಗಿ ಇಲಾಖೆ, ಪೊಲೀಸರ ನಡುವೆ ಹಂಚಿಹೋಗುತ್ತದೆ. ಜೇವರ್ಗಿಯಲ್ಲಿ ಪ್ಲಾಸ್ಟಿಕ್ ಹಾರಿದ್ದು ಈ ಹಂಚಿಕೆಯ ಸಂದಿಯಲ್ಲಿ.

ನಿಜವಾದ ಪರೀಕ್ಷೆ ಕೇದಾರನಾಥದಲ್ಲಿ. ಕರ್ನಾಟಕದಿಂದಲೂ ಪ್ರತಿ ವರ್ಷ ಹೋಗುವ ಯಾತ್ರಿಕರಲ್ಲಿ ಅನೇಕರು, ಅದರಲ್ಲೂ ವಯಸ್ಸಾದವರು, ಗುಪ್ತಕಾಶಿ, ಫಾಟಾ, ಸಿರ್ಸಿಗಳಿಂದ ಹೆಲಿಕಾಪ್ಟರ್ ಹತ್ತುತ್ತಾರೆ. ಕೇದಾರ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ರೋಟರಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಹಗುರ ಮೈಯ, ಶಕ್ತಿಯುತ ಒಂಟಿ ಎಂಜಿನ್ ಹೆಲಿಕಾಪ್ಟರುಗಳೇ ಅಲ್ಲಿ ಹೆಚ್ಚು. ಯುರೋಪಿನ ಹಾಗೆ ಎರಡು ಎಂಜಿನ್ ಬೇಕೆಂದು ಕಡ್ಡಾಯ ಮಾಡಿದರೆ ತೀರಿತೇ ಎಂದರೆ, ಇಲ್ಲ. ಅನೇಕ ಜೋಡಿ ಎಂಜಿನ್ ಹೆಲಿಕಾಪ್ಟರುಗಳು ಆ ಎತ್ತರದಲ್ಲಿ ಒಂದು ಎಂಜಿನ್ ಕಳೆದುಕೊಂಡರೆ ಉಳಿದ ಒಂದರಲ್ಲಿ ಅಷ್ಟೇ ಎತ್ತರದಲ್ಲಿ ನಿಲ್ಲಲಾರವು.

ಮೇಲೆ ಹೇಳಿದ ನಾಲ್ಕು ಕಾರಣಗಳನ್ನು ಇಲ್ಲಿಗೆ ಹಚ್ಚಿ ನೋಡಿ. ಕಡಿದಾದ ಕಣಿವೆ, ಇಳಿಯಲು ಜಾಗವಿಲ್ಲ. ಚಳಿ. ರಕ್ಷಣಾ ತಂಡ ನಡೆದು ಬರಬೇಕು. ಕೆಳಗೆ ಸಾವಿರಾರು ಯಾತ್ರಿಕರ ಕಾಲುದಾರಿ. ನಾಲ್ಕೂ ಒಟ್ಟಿಗೇ ಇವೆ. ಇದರ ಮೇಲೆ ಗಳಿಗೆಗೊಮ್ಮೆ ಬದಲಾಗುವ ಹವೆ. 2022ರ ಅಕ್ಟೋಬರ್ 18ರಂದು ಕೇದಾರದಿಂದ ಹೊರಟ ಹೆಲಿಕಾಪ್ಟರ್ ಗರುಡಚಟ್ಟಿ ಬಳಿ ಬಿದ್ದು ಏಳು ಮಂದಿ ಸತ್ತರು. 2025ರ ಮೇ 8ರಂದು ಉತ್ತರಕಾಶಿ ಜಿಲ್ಲೆಯಲ್ಲಿ ಆರು. ಜೂನ್ 15ರ ನಸುಕಿನಲ್ಲಿ ಗೌರಿಕುಂಡದ ಬಳಿ ಮತ್ತೆ ಏಳು, ಅದರಲ್ಲಿ ಎರಡು ವರ್ಷ ತುಂಬದ ಮಗುವೂ ಒಂದು. ಡಿಜಿಸಿಎ ಹಾರಾಟಗಳ ಸಂಖ್ಯೆ ಕಡಿಮೆ ಮಾಡಿತು, ರಾಜ್ಯ ಸರ್ಕಾರ ಸೇವೆಯನ್ನು ಕೆಲ ದಿನ ನಿಲ್ಲಿಸಿ ಹೊಸ ಕಾರ್ಯವಿಧಾನಕ್ಕೆ ಆದೇಶಿಸಿತು.

ನನ್ನ ಅನಿಸಿಕೆಯಲ್ಲಿ ಕೇದಾರಕ್ಕೆ ಬೇಕಾದ ಮಾದರಿ ಲಂಡನ್ನಿನದಲ್ಲ, ಅಮೆರಿಕದ ಏರ್ ಆಂಬುಲೆನ್ಸಿನದು. ಅಲ್ಲಿ ರೋಗಿ ಕಾಯುವ ಹಾಗೆ ಇಲ್ಲಿ ಸಾಲುಗಟ್ಟಿ ನಿಂತ ಯಾತ್ರಿಕರು ಕಾಯುತ್ತಾರೆ. ಋತು ಚಿಕ್ಕದು, ಒಂದು ಸುತ್ತು ತಪ್ಪಿದರೆ ನಷ್ಟ, ಪೈಲಟ್ ಮೇಲೆ ಒತ್ತಡ. ಈ ಬೆಳಿಗ್ಗೆ ಈ ಕಣಿವೆಯಲ್ಲಿ ಹಾರಬಹುದೇ ಎಂದು ತೀರ್ಮಾನಿಸುವವರಿಗೆ ಟಿಕೆಟ್ಟಿನ ಹಣದ ಜೊತೆ ಯಾವ ಸಂಬಂಧವೂ ಇರಬಾರದು. ಕಣಿವೆಯುದ್ದಕ್ಕೂ ಹವೆ ತೋರಿಸುವ ಕ್ಯಾಮೆರಾಗಳನ್ನು ನೋಡುತ್ತ, ಒಂದು ಮಿತಿ ದಾಟಿದ ಕೂಡಲೇ ಎಲ್ಲ ಕಂಪನಿಗಳ ಹಾರಾಟವನ್ನೂ ಒಟ್ಟಿಗೆ ನಿಲ್ಲಿಸುವ ಅಧಿಕಾರ ಅವರಿಗಿರಬೇಕು. ಮರಳಿ ಹಣ ಕೊಡುವ ವ್ಯವಸ್ಥೆಯೂ ಸುಲಭವಾಗಿರಬೇಕು, ಇಲ್ಲದಿದ್ದರೆ ಯಾತ್ರಿಕರೇ ಹಾರಿಸಿ ಎಂದು ಹಟ ಹಿಡಿಯುತ್ತಾರೆ.

ಮುಂದಿನ ಪ್ರಶ್ನೆ ಬೆಂಗಳೂರಿಗೇ ಬರುತ್ತಿದೆ. ವಿಮಾನ ನಿಲ್ದಾಣಕ್ಕೆ ಬ್ಯಾಟರಿ ಚಾಲಿತ ಏರ್ ಟ್ಯಾಕ್ಸಿ ಓಡಿಸುವ ಯೋಜನೆಯನ್ನು ನಗರದ ಸರಳಾ ಏವಿಯೇಷನ್ ಕಂಪನಿ ಪ್ರಕಟಿಸಿದೆ. ಇಂಥ ಯಂತ್ರಗಳಲ್ಲಿ ಒಂದು ದೊಡ್ಡ ರೋಟರಿನ ಬದಲು ಹಲವು ಸಣ್ಣ ರೋಟರುಗಳಿರುವುದರಿಂದ ಹೆಲಿಕಾಪ್ಟರಿನ ಆಟೊರೊಟೇಶನ್ ಇವಕ್ಕೆ ಹೊಂದುವುದಿಲ್ಲ. ಇಎಎಸ್‌ಎ 2019ರಲ್ಲೇ ಇದಕ್ಕೆ ಪ್ರತ್ಯೇಕ ಷರತ್ತು ಬರೆದು, ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಅಥವಾ ಕಿಕ್ಕಿರಿದ ಊರಿನ ಮೇಲೆ ಹಾರುವ ಯಂತ್ರ ಒಂದು ಭಾಗ ಕೆಟ್ಟರೂ ಹಾರಾಟ ಮುಂದುವರಿಸಿ ಸುರಕ್ಷಿತವಾಗಿ ಇಳಿಯಲೇಬೇಕು ಎಂದಿತು. ಎಫ್‌ಎಎ 2024ರ ಅಕ್ಟೋಬರಿನಲ್ಲಿ ಇಂಥ ಯಂತ್ರಗಳ ಪೈಲಟ್ ತರಬೇತಿ ಮತ್ತು ಹಾರಾಟಕ್ಕೆ ವಿಶೇಷ ನಿಯಮ ತಂದಿತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವಾಗ ಅದರ ಮೇಲಿಂದ ಇಂಥದ್ದೊಂದು ಹಾರಬೇಕಾದರೆ ಯಾವ ದಾರಿ, ಎಷ್ಟು ಎತ್ತರ, ಒಂದು ಮೋಟರ್ ಕೆಟ್ಟರೆ ಯಾವ ಕೆರೆ, ಯಾವ ಬಯಲು ಎಂಬುದನ್ನು ಡಿಜಿಸಿಎ ಮೊದಲೇ ನಕ್ಷೆಯ ಮೇಲೆ ಗುರುತಿಸಬೇಕಾಗುತ್ತದೆ.